ಗುಲ್‌ಮೊಹರ್ ಬುಡದ ಅಣಬೆ: ಜೀನೋಮ್ ಓದಿಸಿದರೆ ಮರ ಉಳಿಯುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಧಾರವಾಡ ಕಡೆಯವರು, ಪುಣೆಯ ಕೋಥ್ರೂಡ್‌ಗೆ ಬಂದು ಬಹಳ ವರ್ಷ ಆಯಿತು. ನಮ್ಮ ಸೊಸೈಟಿಯ ಗೇಟಿನ ಪಕ್ಕ ದೊಡ್ಡ ಗುಲ್‌ಮೊಹರ್ ಮರ ಇದೆ. ಕೆಲವು ವರ್ಷದ ಹಿಂದೆ ಅದರ ಬುಡದವರೆಗೂ ಪೇವರ್ ಬ್ಲಾಕ್ ಹಾಕಿಸಿದ್ದರು. ಹೋದ ಮಳೆಗಾಲದಿಂದ ಬುಡದಲ್ಲಿ ಕಂದು ಬಣ್ಣದ, ವಾರ್ನಿಷ್ ಹಚ್ಚಿದ ಹಾಗೆ ಹೊಳೆಯುವ ಗಟ್ಟಿ ಅಣಬೆ ತಟ್ಟೆತಟ್ಟೆಯಾಗಿ ಬರುತ್ತಿದೆ. ವಾಚ್‌ಮನ್ ಕಿತ್ತು ಹಾಕಿದ, ಮತ್ತೆ ಬಂತು. ಅಲ್ಲಿ ನಿಲ್ಲಿಸಿದ ಸ್ಕೂಟರ್ ಸೀಟಿನ ಮೇಲೆಲ್ಲ ಕಂದು ಪುಡಿ ಕೂರುತ್ತದೆ. ಇದೇ ಹೊತ್ತಿಗೆ ನೆಲಮಹಡಿಯ ನಮ್ಮ ಮನೆಯ ಬಾತ್‌ರೂಮ್ ಬಾಗಿಲ ಚೌಕಟ್ಟು ಬುಡದಲ್ಲಿ ಕಂದಾಗಿ, ಚೌಕ ಚೌಕವಾಗಿ ಬಿರುಕು ಬಿಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿದೆ. ಮರದ ರೋಗವೇ ಮನೆಗೆ ಬಂತು, ಮರ ಕಡಿಸೋಣ ಅಂತ ಕಮಿಟಿಯವರು. ಇದು ಡ್ರೈ ರಾಟ್, ಇಡೀ ಕಟ್ಟಡ ತಿನ್ನುತ್ತದೆ ಅಂತ ಒಬ್ಬರು. ಇದೇ ರೇಷಿ ಅಣಬೆ, ಕಷಾಯ ಮಾಡಿ ಕುಡಿಯಿರಿ ಅಂತ ಇನ್ನೊಬ್ಬರು. ಮಗಳು ಎಂಎಸ್ಸಿ ಬಯೋಟೆಕ್ನಾಲಜಿ ಓದುತ್ತಿದ್ದಾಳೆ. ಇದರ ಜೀನೋಮ್ ಸೀಕ್ವೆನ್ಸಿಂಗ್ ಮಾಡಿಸಿದರೆ ಯಾವ ಅಣಬೆ ಅಂತ ಗೊತ್ತಾಗುತ್ತದೆ, ಅದನ್ನು ಕೊಲ್ಲುವ ಔಷಧಿಯೂ ಸಿಗುತ್ತದೆ ಅನ್ನುತ್ತಾಳೆ. ಮಾಡಿಸಬೇಕಾ? ಮನೆಯಲ್ಲಿ ಉಬ್ಬಸ ಇರುವ ಅತ್ತೆ ಇದ್ದಾರೆ, ಅವರಿಗೆ ಇದರಿಂದ ತೊಂದರೆಯಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಪೂರ್ತಿ ಓದುವ ಮುಂಚೆಯೇ ಆ ಮರದ ಕೆಳಗಿನ ಗಾಡಿಗಳನ್ನು ಬೇರೆ ಕಡೆ ನಿಲ್ಲಿಸಲು ಹೇಳಿ. ಮಕ್ಕಳು ಅಲ್ಲಿ ಆಡದಂತೆ ನೋಡಿಕೊಳ್ಳಿ. ಮರ ನಾಳೆಯೇ ಬೀಳುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಬುಡದಲ್ಲಿ ಇಂಥ ಅಣಬೆ ಎದ್ದಿರುವ ಮರವನ್ನು ತಿಳಿದವರು ಬಂದು ಪರೀಕ್ಷೆ ಮಾಡುವವರೆಗೆ ಭದ್ರವಾಗಿದೆ ಅಂದುಕೊಳ್ಳಬಾರದು. ಎಲೆ ಹಸಿರಾಗಿದೆಯಲ್ಲ, ಮೇ ತಿಂಗಳಲ್ಲಿ ಹೂವೂ ಚೆನ್ನಾಗಿ ಬಿಟ್ಟಿತ್ತಲ್ಲ ಅಂತ ಸೊಸೈಟಿಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಅದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೇರಿನಿಂದ ನೀರು ಮೇಲೇರುವುದು ತೊಗಟೆಗೆ ಹತ್ತಿರದ ಹೊಸ ಪದರದಲ್ಲಿ. ಅಣಬೆ ಹುಟ್ಟಿಸುವ ಈ ಶಿಲೀಂಧ್ರ (ಫಂಗಸ್) ತಿನ್ನುವುದು ಹೆಚ್ಚಾಗಿ ಒಳಗಿನ ಚೇಗನ್ನು ಮತ್ತು ಬೇರು ಶುರುವಾಗುವ ಜಾಗವನ್ನು. ಹಾಗಾಗಿ ಒಳಗೆ ಟೊಳ್ಳಾದ ಮರವೂ ವರ್ಷಗಟ್ಟಲೆ ಹಸಿರಾಗಿ ನಿಂತಿರುತ್ತದೆ, ಜೂನ್‌ನ ಗಾಳಿಮಳೆಗೆ ನೆಲ ನೆನೆದು ಸಡಿಲವಾದ ದಿನ ಬುಡಸಮೇತ ಉರುಳುತ್ತದೆ. ಪುಣೆ, ಮುಂಬೈಯಲ್ಲಿ ಹೀಗೆ ಬಿದ್ದ ಗುಲ್‌ಮೊಹರ್ ಮರಗಳ ಬುಡ ನೋಡುವುದು ನನ್ನ ಕೆಲಸದ ಒಂದು ಭಾಗ. ಮುರಿದ ಜಾಗದಲ್ಲಿ ಮರ ಬೆಳ್ಳಗೆ, ನಾರುನಾರಾಗಿ, ಒದ್ದೆ ಹತ್ತಿಯ ಹಾಗೆ ಕೈಗೆ ಕಿತ್ತು ಬರುತ್ತದೆ.

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ತುರ್ತಾಗಿರುವುದು ಒಂದೇ: ಈ ಮರದಲ್ಲಿ ಇನ್ನೂ ಎಷ್ಟು ಗಟ್ಟಿ ಭಾಗ ಉಳಿದಿದೆ? ಇದಕ್ಕೆ ಜೀನೋಮ್, ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ ಬರಹ, ಉತ್ತರ ಕೊಡುವುದಿಲ್ಲ. ಒಂದು ಶಿಲೀಂಧ್ರಕ್ಕೆ ಏನೇನು ಮಾಡುವ ಶಕ್ತಿ ಇದೆ ಅಂತ ಜೀನೋಮ್ ಹೇಳುತ್ತದೆ. ನಿಮ್ಮ ಮರದೊಳಗೆ ಅದು ಎಷ್ಟು ದೂರ ಹೋಗಿದೆ ಅಂತ ಹೇಳುವುದಿಲ್ಲ. ಮಗಳ ಕುತೂಹಲ ಬಹಳ ಒಳ್ಳೆಯದು, ಅದಕ್ಕೂ ದಾರಿ ಇದೆ, ಕೊನೆಯಲ್ಲಿ ಬರೆಯುತ್ತೇನೆ.

ನೀವು ಬರೆದ ಲಕ್ಷಣ, ಅಂದರೆ ಹೊಳೆಯುವ ಕಂದು ಮೇಲ್ಮೈ, ಗಟ್ಟಿ ತಟ್ಟೆ, ಕಂದು ಪುಡಿ, ಎಲ್ಲ ಸೇರಿಸಿದರೆ ಇದು ಗ್ಯಾನೋಡರ್ಮ ಗುಂಪಿನ ಅಣಬೆ. ಊರಲ್ಲಿ ಅಡಿಕೆ ತೋಟ ಇರುವ ಸಂಬಂಧಿಕರಿದ್ದರೆ ಕೇಳಿ ನೋಡಿ, ಅಣಬೆ ರೋಗ ಅಂದ ಕೂಡಲೇ ಅವರ ಮುಖ ಬಾಡುತ್ತದೆ. ಅಡಿಕೆ, ತೆಂಗಿನ ಬುಡ ಹಿಡಿಯುವುದೂ ಇದೇ ಗುಂಪು. ಕಿತ್ತರೂ ಮತ್ತೆ ಬಂತು ಅಂದಿರಲ್ಲ, ಅದರಲ್ಲಿ ಆಶ್ಚರ್ಯ ಏನಿಲ್ಲ. ಮಾವಿನಕಾಯಿ ಕಿತ್ತರೆ ಮಾವಿನ ಮರ ಸಾಯುತ್ತದಾ? ಹೊರಗೆ ಕಾಣುವ ತಟ್ಟೆ ಬರೀ ಕಾಯಿ. ಶಿಲೀಂಧ್ರದ ಮೈ ಎಂದರೆ ಮರದ ಒಳಗೆ ಹಬ್ಬಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಜಾಲ. ತಟ್ಟೆ ಹೊರಬರುವ ಹೊತ್ತಿಗೆ ಒಳಗೆ ಅದು ಬಹಳ ಕಾಲದಿಂದ ತಿನ್ನುತ್ತಿರುತ್ತದೆ. ಇನ್ನು ಮೇಲೆ ಕೀಳಿಸಬೇಡಿ. ಎಲ್ಲೆಲ್ಲಿ ಎದ್ದಿದೆ, ಬುಡದ ಒಂದೇ ಬದಿಗಾ ಸುತ್ತಲೂನಾ ಅನ್ನುವುದು ಪರೀಕ್ಷೆ ಮಾಡುವವರಿಗೆ ಬೇಕಾದ ಮಾಹಿತಿ, ಅದನ್ನೇ ನಾವು ಅಳಿಸಿದ ಹಾಗಾಗುತ್ತದೆ.

ಈಗ ಬಾಗಿಲ ಚೌಕಟ್ಟಿನ ವಿಷಯ. ಮರದಿಂದ ಮನೆಗೆ ಬಂತು ಅನ್ನುವುದು ತಪ್ಪು. ಇದನ್ನು ಲ್ಯಾಬ್ ಇಲ್ಲದೆ, ನೀವು ಬರೆದ ಎರಡು ವಾಕ್ಯದಿಂದಲೇ ಹೇಳಬಹುದು. ಗ್ಯಾನೋಡರ್ಮ ಮಾಡುವುದು ಬಿಳಿ ಕೊಳೆ: ಮರ ಬೆಳ್ಳಗಾಗಿ ನಾರಾಗುತ್ತದೆ. ನಿಮ್ಮ ಚೌಕಟ್ಟಿನಲ್ಲಿ ಆಗಿರುವುದು ಕಂದು ಕೊಳೆ: ಮರ ಕಂದಾಗಿ, ಚೌಕ ಚೌಕ ಬಿರುಕು ಬಿಟ್ಟು ಪುಡಿಯಾಗುತ್ತದೆ. ಇವೆರಡೂ ಬೇರೆ ಬೇರೆ ಶಿಲೀಂಧ್ರಗಳ ಕೆಲಸ. ಈ ವ್ಯತ್ಯಾಸದ ಹಿಂದಿನ ಕಥೆ ಬಿಚ್ಚಿಕೊಂಡಿದ್ದೇ ಜೀನೋಮ್ ಓದಿದ್ದರಿಂದ. ನನ್ನ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮರದಲ್ಲಿ ಮುಖ್ಯವಾಗಿ ಮೂರು ವಸ್ತು ಇವೆ. ಒಣ ಮರದ ತೂಕದಲ್ಲಿ ಶೇ. 40ರಿಂದ 50ರಷ್ಟು ಸೆಲ್ಯುಲೋಸ್, ಅಂದರೆ ಸಕ್ಕರೆಯ ಕಣಗಳು ಸಾಲಾಗಿ ಜೋಡಿಸಿದ ಉದ್ದ ನಾರು. ಅದರ ಜೊತೆ ಸಕ್ಕರೆಯಿಂದಲೇ ಆದ ಹೆಮಿಸೆಲ್ಯುಲೋಸ್. ಇವೆರಡರ ಸುತ್ತ ಗಟ್ಟಿಯಾಗಿ ಕೂತಿರುವ ಲಿಗ್ನಿನ್, ಶೇ. 20ರಿಂದ 30. ಶಿಲೀಂಧ್ರಕ್ಕೆ ಬೇಕಾದ ಊಟ ಸಕ್ಕರೆ. ಅಡ್ಡ ಇರುವುದು ಲಿಗ್ನಿನ್. ಇದನ್ನು ಒಡೆಯುವುದು ಸುಲಭವಲ್ಲ, ಬಹುತೇಕ ಜೀವಿಗಳ ಕೈಯಲ್ಲಿ ಆಗುವುದೇ ಇಲ್ಲ. ಬಿಳಿ ಕೊಳೆಯ ಅಣಬೆಗಳು ಅದನ್ನು ಹೇಗೆ ಒಡೆಯುತ್ತವೆ ಅನ್ನುವುದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು 1983ರಲ್ಲಿ. ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಂ ಅನ್ನುವ ಶಿಲೀಂಧ್ರದಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಅನ್ನುವ ಕಿಣ್ವ ಪತ್ತೆಯಾಯಿತು. 40 ಡಿಗ್ರಿ ಬಿಸಿಯಲ್ಲೂ ಹುಲುಸಾಗಿ ಬೆಳೆಯುವ ಜೀವಿ ಅದು. 2004ರಲ್ಲಿ ಅಮೆರಿಕದ ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ವಿಜ್ಞಾನಿಗಳು ಇದರ ಪೂರ್ತಿ ಜೀನೋಮ್ ಪ್ರಕಟಿಸಿದರು. ಅಣಬೆಗಳು ಸೇರಿರುವ ಆ ದೊಡ್ಡ ವರ್ಗದಲ್ಲೇ ಪೂರ್ತಿ ಓದಿದ ಮೊದಲ ಜೀನೋಮ್ ಅದು, ಸುಮಾರು 3 ಕೋಟಿ ಡಿಎನ್‌ಎ ಅಕ್ಷರ. ಒಳಗೆ ನೋಡಿದರೆ ಲಿಗ್ನಿನ್ ಪೆರಾಕ್ಸಿಡೇಸ್‌ಗೆ 10 ಜೀನ್, ಮ್ಯಾಂಗನೀಸ್ ಪೆರಾಕ್ಸಿಡೇಸ್‌ಗೆ 5. ಒಂದೇ ಕೆಲಸಕ್ಕೆ ಇಷ್ಟೊಂದು ಜೀನ್!

2009ರಲ್ಲಿ ಪೋಸ್ಟಿಯಾ ಪ್ಲಾಸೆಂಟಾ ಅನ್ನುವ ಕಂದು ಕೊಳೆಯ ಶಿಲೀಂಧ್ರದ ಜೀನೋಮ್ ಬಂತು. ಅದರಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಒಂದೂ ಇಲ್ಲ. ಸೆಲ್ಯುಲೋಸ್ ಕತ್ತರಿಸಲು ಸಾಮಾನ್ಯವಾಗಿ ಇರಬೇಕಾದ ಕಿಣ್ವಗಳಲ್ಲೂ ಮುಖ್ಯವಾದವೇ ಇಲ್ಲ. ಹಾಗಾದರೆ ಮರ ಪುಡಿಯಾಗುವುದು ಹೇಗೆ? ಅದು ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ, ತೀರಾ ಚುರುಕಾದ, ತೀರಾ ಪುಟ್ಟ ಕಣಗಳನ್ನು ಹುಟ್ಟಿಸುತ್ತದೆ. ಕಿಣ್ವಗಳು ಗಾತ್ರದಲ್ಲಿ ದೊಡ್ಡವು, ಗಟ್ಟಿ ಮರದ ಕೋಶದ ಗೋಡೆಯೊಳಗೆ ನುಗ್ಗಲು ಅವಕ್ಕೆ ಜಾಗ ಸಿಗುವುದಿಲ್ಲ. ಈ ಪುಟ್ಟ ಕಣಗಳು ನುಗ್ಗುತ್ತವೆ, ಸೆಲ್ಯುಲೋಸ್ ನಾರನ್ನು ನಡುನಡುವೆ ತುಂಡರಿಸುತ್ತವೆ. ಶಿಲೀಂಧ್ರ ಸಕ್ಕರೆಯನ್ನು ತಿಂದು ಲಿಗ್ನಿನ್ನನ್ನು ಹೆಚ್ಚುಕಮ್ಮಿ ಹಾಗೇ ಬಿಟ್ಟು ಮುಂದೆ ಹೋಗುತ್ತದೆ. ನಿಮ್ಮ ಚೌಕಟ್ಟಿನಲ್ಲಿ ಉಳಿದಿರುವ ಆ ಕಂದು ಪುಡಿ ಬಹುತೇಕ ಲಿಗ್ನಿನ್.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ಕಂದು ಕೊಳೆಯಲ್ಲಿ ನಾರು ಮೊದಲೇ ತುಂಡಾಗುವುದರಿಂದ, ಮರದ ತೂಕ ಹೆಚ್ಚು ಇಳಿಯುವ ಮುಂಚೆಯೇ ಶಕ್ತಿ ಹೋಗಿಬಿಟ್ಟಿರುತ್ತದೆ. ನೋಡಲು ಚೆನ್ನಾಗಿರುವ ತೊಲೆ ಭಾರ ಬಿದ್ದಾಗ ಟಪ್ ಅಂತ ಮುರಿಯುವುದು ಇದಕ್ಕೇ. ಬಾತ್‌ರೂಮ್ ಚೌಕಟ್ಟು ಹೋದರೆ ಬಾಗಿಲು ಜೋತಾಡುತ್ತದೆ, ಅಷ್ಟೇ. ಆದರೆ ಇದೇ ಕೊಳೆ ಹಳೇ ವಾಡೆಯ ತೊಲೆಗೋ ಗೋವಾದ ಹಂಚಿನ ಮನೆಯ ಪಕಾಸಿಗೋ ಹಿಡಿದಿದ್ದರೆ ನನ್ನ ಉತ್ತರದ ಧಾಟಿಯೇ ಬೇರೆ ಇರುತ್ತಿತ್ತು.

ಮುಂದೆ 2012ರಲ್ಲಿ 31 ಶಿಲೀಂಧ್ರಗಳ ಜೀನೋಮ್‌ಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದ ಅಧ್ಯಯನ ಬಂತು. ಲಿಗ್ನಿನ್ ಒಡೆಯುವ ಈ ಪೆರಾಕ್ಸಿಡೇಸ್‌ಗಳು ಸುಮಾರು 29 ಕೋಟಿ ವರ್ಷದ ಹಿಂದೆ ಹುಟ್ಟಿಕೊಂಡವು, ಬಿಳಿ ಕೊಳೆ ಮಾಡುತ್ತಿದ್ದ ಪೂರ್ವಜರಿಂದ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕವಲುಗಳಲ್ಲಿ ಆ ಜೀನ್‌ಗಳು ಕಳೆದುಹೋಗಿ ಕಂದು ಕೊಳೆಯವು ಬಂದವು ಅನ್ನುವುದು ಅದರ ತಿರುಳು. ಅಂದರೆ ಕಂದು ಕೊಳೆ ಹೊಸ ಆಯುಧ ಸಿಕ್ಕಿ ಹುಟ್ಟಿದ್ದಲ್ಲ, ಹಳೆಯ ಭಾರ ಇಳಿಸಿ ಹುಟ್ಟಿದ್ದು. ಭೂಮಿಯಲ್ಲಿ ಕಲ್ಲಿದ್ದಲು ಕೂಡಿಕೊಳ್ಳುವುದು ಕಡಿಮೆಯಾಗಲು ಈ ಅಣಬೆಗಳೇ ಕಾರಣವಿರಬಹುದು ಅನ್ನುವ ಮಾತೂ ಆಗ ಜೋರಾಗಿ ಓಡಾಡಿತು. 2016ರಲ್ಲಿ ಬೇರೆ ಸಂಶೋಧಕರು ಅದನ್ನು ಬಲವಾಗಿ ಪ್ರಶ್ನಿಸಿದರು. ಆ ಕಾಲದ ಹವಾಮಾನ ಮತ್ತು ಭೂಮಿಯ ಪದರಗಳ ಚಲನೆಯೇ ಮುಖ್ಯ ಕಾರಣ ಅಂದರು. ಮಗಳು ಕಾಲೇಜಿನಲ್ಲಿ ಕಲ್ಲಿದ್ದಲಿನ ಕಥೆಯನ್ನು ಖಚಿತ ಸತ್ಯ ಅಂತ ಓದಿದ್ದರೆ ಇದನ್ನೂ ಹೇಳಿ. ಇನ್ನೂ ಒಂದು: 2014ರ ಹೊತ್ತಿಗೆ ಇನ್ನಷ್ಟು ಜೀನೋಮ್ ಬಂದಾಗ, ಪೆರಾಕ್ಸಿಡೇಸ್ ಇಲ್ಲದಿದ್ದರೂ ಬಿಳಿ ಕೊಳೆಯವುಗಳ ಹಾಗೆ ಸೆಲ್ಯುಲೋಸ್ ಕಿಣ್ವಗಳ ದೊಡ್ಡ ದಂಡು ಇರುವ ಶಿಲೀಂಧ್ರಗಳು ಸಿಕ್ಕವು. ಬಿಳಿ, ಕಂದು ಅಂತ ಎರಡೇ ಗುಂಪು ಸಾಲದು ಅಂತಾಯಿತು. ಮನೆಯ ಚೌಕಟ್ಟು ನೋಡುವಾಗ ಮಾತ್ರ ಈ ಎರಡು ಗುಂಪು ಈಗಲೂ ಚೆನ್ನಾಗಿ ಕೆಲಸಕ್ಕೆ ಬರುತ್ತವೆ.

ಡ್ರೈ ರಾಟ್ ಹೆದರಿಕೆಯನ್ನು ಬಿಟ್ಟುಬಿಡಿ. ಇಂಗ್ಲೆಂಡ್ ಕಡೆ ಮನೆಗಳನ್ನು ತಿನ್ನುವ, ಗೋಡೆ ದಾಟಿ ಹಬ್ಬುವ ಶಿಲೀಂಧ್ರದ ಹೆಸರು ಸರ್ಪುಲಾ ಲ್ಯಾಕ್ರಿಮಾನ್ಸ್. ಅದರ ಜೀನೋಮ್ 2011ರಲ್ಲಿ ಬಂತು, ಅದೂ ಕಂದು ಕೊಳೆಯದ್ದೇ. ಕಾಡಿನಲ್ಲಿ ಅದು ಸಿಗುವ ಕೆಲವೇ ಜಾಗಗಳಲ್ಲಿ ನಮ್ಮ ಹಿಮಾಲಯವೂ ಒಂದು. ಅದಕ್ಕೆ ತಂಪು ಬೇಕು, 20 ಡಿಗ್ರಿ ಆಸುಪಾಸು. ಪುಣೆಯ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಇಂಟರ್‌ನೆಟ್‌ನಲ್ಲಿ ಡ್ರೈ ರಾಟ್ ಅಂತ ಹುಡುಕಿದರೆ ಸಿಗುವ ಸಲಹೆಯೆಲ್ಲ, ಗೋಡೆಯ ಗಾರೆ ಕಿತ್ತು ಹಾಕಿ, ಮೀಟರ್‌ಗಟ್ಟಲೆ ಸುತ್ತಲಿನ ಮರ ತೆಗೆಸಿ ಅನ್ನುವುದೆಲ್ಲ, ಆ ದೇಶಗಳಿಗೆ ಬರೆದದ್ದು. ಅದನ್ನು ನಂಬಿ ನೀವು ಖರ್ಚು ಮಾಡಬೇಕಾಗಿಲ್ಲ.

ಚೌಕಟ್ಟು ಕೊಳೆಯಲು ಕಾರಣ ನೀರು. ಮರದಲ್ಲಿ ನೀರಿನ ಅಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಯುವ ಶಿಲೀಂಧ್ರ ಬೆಳೆಯುವುದಿಲ್ಲ. 30ರ ಹತ್ತಿರ ಹೋಗಿ ಅಲ್ಲೇ ನಿಂತರೆ ಅದಕ್ಕೆ ಹಬ್ಬ. ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇವೆ, ಅವನ್ನು ತಡೆಯಲು ಸಾಧ್ಯವಿಲ್ಲ, ಆದ್ದರಿಂದ ಎಲ್ಲಿಂದ ಬಂತು ಅಂತ ಹುಡುಕುವುದು ಸುಮ್ನೆ ಕಾಲ ಕಳೆಯುವ ಕೆಲಸ. ಎಲ್ಲಿಂದ ನೀರು ಬರುತ್ತಿದೆ ಅಂತ ಹುಡುಕಿ. ಬಾತ್‌ರೂಮಿನಲ್ಲಿ ಬಹುತೇಕ ಸಲ ಚೌಕಟ್ಟಿನ ಕಾಲು ನೇರ ನೆಲದೊಳಗೆ ಹುಗಿದಿರುತ್ತದೆ, ಟೈಲ್ಸ್ ಸಂದಿನಿಂದ ನೀರು ಇಳಿದು ಆ ಕಾಲು ಸದಾ ಒದ್ದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಕೆಳಗಿನಿಂದ ಮೇಲಕ್ಕೆ ಗೇಣಿಗೊಂದು ಕಡೆ ಒತ್ತಿ ನೋಡಿ. ಎಲ್ಲಿಯವರೆಗೆ ಒಳಗೆ ಇಳಿಯುತ್ತದೋ ಅಲ್ಲಿಯವರೆಗೆ ಮರ ಸತ್ತಿದೆ, ಎಲ್ಲಿ ಠಕ್ ಅಂತ ನಿಲ್ಲುತ್ತದೋ ಅಲ್ಲಿಂದ ಮೇಲೆ ಒಂದು ಗೇಣು ಬಿಟ್ಟು ಕೊಯ್ಯಿಸಬಹುದು. ಮಣ್ಣಿನ ಕೊಳವೆ, ಮಣ್ಣು ತುಂಬಿದ ಸುರಂಗ ಕಂಡರೆ ಅದು ಗೆದ್ದಲು, ಬೇರೆ ವಿಷಯ. ಕೊಳೆತ ಮರಕ್ಕೆ ಗೆದ್ದಲಿನ ಔಷಧಿ ಹೊಡೆಸಿ ದುಡ್ಡು ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ.

ಚೌಕಟ್ಟಿಗೆ ಮೂರು ದಾರಿ ಇವೆ. ಕೊಳೆತ ಭಾಗ ಕೊಯ್ದು ಕೆಳಗೆ ಕಲ್ಲಿನ ತುಂಡು ಕೂರಿಸಿ ಮೇಲೆ ಹೊಸ ಮರ ಜೋಡಿಸುವುದು ಅಗ್ಗ, ಒಳ್ಳೆ ಬಡಗಿ ಸಿಕ್ಕರೆ ಚೆನ್ನಾಗಿಯೂ ಬರುತ್ತದೆ. ಆದರೆ ಸೋರಿಕೆ ನಿಲ್ಲಿಸದಿದ್ದರೆ ಜೋಡಿಸಿದ ಜಾಗದಿಂದಲೇ ಮತ್ತೆ ಶುರು. ಪೂರ್ತಿ ತೆಗೆಸಿ ಗ್ರಾನೈಟ್ ಚೌಕಟ್ಟು ಹಾಕಿಸುವುದು ಖರ್ಚು ಜಾಸ್ತಿ, ತಲೆನೋವು ಕಡಿಮೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಹಚ್ಚುವುದು ಒಣಗಿದ ಮರಕ್ಕೆ ಒಳ್ಳೆಯದು, ಆದರೆ ನೀರು ಬೀಳುವ ಜಾಗದಲ್ಲಿ ಬೋರಾನ್ ತೊಳೆದುಹೋಗುತ್ತದೆ. ಒಂದನ್ನು ಮಾತ್ರ ಮಾಡಬೇಡಿ: ಒದ್ದೆ ಮರದ ಮೇಲೆ ಪುಟ್ಟಿ ತುಂಬಿ ಆಯಿಲ್ ಪೇಂಟ್ ಹೊಡೆಸಬೇಡಿ. ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇಲ್ಲದಂತಾಗಿ ಕೊಳೆ ಇನ್ನೂ ಬೇಗ ಓಡುತ್ತದೆ.

ಇದು ಯಾವ ಅಣಬೆ ಅಂತ ತಿಳಿಯಲು ಜೀನೋಮ್ ಬೇಕಾ? ಬೇಡ. ಶಿಲೀಂಧ್ರಗಳ ಡಿಎನ್‌ಎಯಲ್ಲಿ ಐಟಿಎಸ್ ಅನ್ನುವ ಸಣ್ಣ ತುಂಡು ಇದೆ, ಸಾಮಾನ್ಯವಾಗಿ 500ರಿಂದ 700 ಅಕ್ಷರ. 2012ರಲ್ಲಿ ಅದನ್ನೇ ಶಿಲೀಂಧ್ರಗಳ ಬಾರ್‌ಕೋಡ್ ಆಗಿ ಬಳಸೋಣ ಅಂತ ಪ್ರಪಂಚದ ಹಲವು ಲ್ಯಾಬ್‌ಗಳು ಸೇರಿ ಸೂಚಿಸಿದವು. ಅದನ್ನು ಓದಿಸುವುದು ಒಂದು ಕುಟುಂಬದ ಕೈಗೆ ಎಟುಕುವ ಖರ್ಚು. ಪೂರ್ತಿ ಜೀನೋಮ್ ಅದರ ಎಷ್ಟೋ ಪಟ್ಟು. ನಿಮ್ಮ ಊರಿನಲ್ಲೇ ಆಘಾರ್‌ಕರ್ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಶಿಲೀಂಧ್ರ ಗುರುತಿಸಿ ಕೊಡುವ ಸೇವೆ ಇದೆ, ದೇಶದ ಶಿಲೀಂಧ್ರ ತಳಿಗಳ ರಾಷ್ಟ್ರೀಯ ಸಂಗ್ರಹ ಇರುವುದೂ ಅಲ್ಲೇ. ಒಂದು ಎಚ್ಚರಿಕೆ: ಗ್ಯಾನೋಡರ್ಮದಲ್ಲಿ ಹತ್ತಿರದ ಜಾತಿಗಳನ್ನು ಐಟಿಎಸ್ ಒಂದೇ ಬಿಡಿಸಿ ತೋರಿಸುವುದಿಲ್ಲ, ಇನ್ನೊಂದೆರಡು ಜೀನ್ ನೋಡಬೇಕಾಗುತ್ತದೆ. ಜೊತೆಗೆ ಸಾರ್ವಜನಿಕ ಡೇಟಾಬೇಸ್‌ಗಳಲ್ಲಿ ಗ್ಯಾನೋಡರ್ಮ ಅಂತ ಇರುವ ಎಷ್ಟೋ ಸೀಕ್ವೆನ್ಸ್‌ಗಳ ಹೆಸರೇ ತಪ್ಪು. ಕಂಪ್ಯೂಟರ್ ಶೇ. 99 ಹೊಂದಿಕೆ ಅಂದ ಮಾತ್ರಕ್ಕೆ ಆ ಹೆಸರು ಸರಿ ಅಂತಲ್ಲ.

ರೇಷಿ ಗೊಂದಲಕ್ಕೂ ಮೂಲ ಇದೇ ಹೆಸರಿನ ಸಮಸ್ಯೆ. ನಮ್ಮಲ್ಲಿ ಹೊಳೆಯುವ ಗ್ಯಾನೋಡರ್ಮ ಕಂಡ ಕೂಡಲೇ ಗ್ಯಾನೋಡರ್ಮ ಲೂಸಿಡಂ ಅಂತ ಬರೆದುಬಿಡುವ ರೂಢಿ. ಆ ಹೆಸರು ಮೂಲತಃ ಇಂಗ್ಲೆಂಡಿನಲ್ಲಿ ಸಿಕ್ಕ ಅಣಬೆಗೆ 18ನೇ ಶತಮಾನದಲ್ಲಿ ಇಟ್ಟದ್ದು. ಚೀನಾದಲ್ಲಿ ಔಷಧಿಗೆ ಬೆಳೆಸುವುದು ಬೇರೆ ಜಾತಿ ಅಂತ ಈಗ ಗೊತ್ತಾಗಿದೆ. 2012ರಲ್ಲಿ ಚೀನಾದ ವಿಜ್ಞಾನಿಗಳು ಪ್ರಕಟಿಸಿದ ಗ್ಯಾನೋಡರ್ಮ ಜೀನೋಮ್, ಸುಮಾರು 4.33 ಕೋಟಿ ಅಕ್ಷರ, 16,113 ಜೀನ್‌ಗಳದ್ದು, ಅವರು ಔಷಧಿಗಾಗಿ ನೋಡುತ್ತಿದ್ದ ತಳಿಯದ್ದು. ಕೋಥ್ರೂಡ್‌ನ ಗೇಟಿನ ಪಕ್ಕ ಎದ್ದದ್ದು ಯಾವುದು ಅಂತ ಯಾರಿಗೆ ಗೊತ್ತು? ಅಣಬೆಗಳು ತಾವು ಬೆಳೆದ ಜಾಗದ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತವೆ, ಅದು ರಸ್ತೆ ಬದಿಯ ಮರ ಬೇರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅಸಲಿ ರೇಷಿಯೂ ಡಾಕ್ಟರನ್ನು ಕೇಳದೆ ಬೇಡ. ಆ ಕಷಾಯ ಯಾರೂ ಕುಡಿಯಬೇಡಿ, ದಯವಿಟ್ಟು.

ಅತ್ತೆಯವರ ಉಬ್ಬಸದ ಬಗ್ಗೆ. ಸ್ಕೂಟರ್ ಸೀಟಿನ ಮೇಲಿನ ಕಂದು ಪುಡಿ ಬೀಜಕಣ. ದೊಡ್ಡ ತಟ್ಟೆ ದಿನಕ್ಕೆ ಕೋಟಿಗಟ್ಟಲೆ ಉದುರಿಸುತ್ತದೆ. ಅದು ಅವರ ಶ್ವಾಸಕೋಶದಲ್ಲಿ ಬೇರು ಬಿಡುತ್ತದೆ ಅನ್ನುವ ಭಯ ಬೇಡ, ಆದರೆ ಗ್ಯಾನೋಡರ್ಮದ ಬೀಜಕಣಕ್ಕೆ ಅಲರ್ಜಿ ಆಗುವವರಿದ್ದಾರೆ, ಇದು ನಿಜ. ಅವರ ಕಿಟಕಿ ಮರದ ಕಡೆಗಿದ್ದರೆ ಮಳೆಗಾಲದ ರಾತ್ರಿ ಮುಚ್ಚಿಡಿ, ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನನ್ನನ್ನು ಕೇಳಿದರೆ, ಒದ್ದೆ ಬಾತ್‌ರೂಮ್ ಗೋಡೆಯ ಮೇಲೆ ಬರುವ ಕಪ್ಪು ಬೂಷ್ಟು ಅವರಿಗೆ ಮರಕ್ಕಿಂತ ಜಾಸ್ತಿ ತೊಂದರೆ ಕೊಡುತ್ತಿರಬಹುದು. ಉಬ್ಬಸ ಈ ನಡುವೆ ಹೆಚ್ಚಾಗಿದ್ದರೆ ಮನೆಯ ತೇವ, ಅಣಬೆಯ ಪುಡಿ ಎರಡನ್ನೂ ಅವರ ಡಾಕ್ಟರಿಗೆ ಹೇಳಿ.

ಔಷಧಿ ಹೊಡೆದು ಮರ ಉಳಿಸಬಹುದಾ? ಅಡಿಕೆ, ತೆಂಗಿನ ತೋಟದಲ್ಲಿ ರೋಗ ಹಿಡಿದ ಗಿಡದ ಸುತ್ತ ಕಂದಕ ತೋಡಿ ಬೇರೆಯಾಗಿಸುತ್ತಾರೆ, ಬೇವಿನ ಹಿಂಡಿ, ಬೇರೆ ಶಿಲೀಂಧ್ರಗಳನ್ನು ತಿನ್ನುವ ಟ್ರೈಕೋಡರ್ಮ ಅನ್ನುವ ಶಿಲೀಂಧ್ರ ಹಾಕುತ್ತಾರೆ, ಬೇರಿನ ಮೂಲಕ ಶಿಲೀಂಧ್ರನಾಶಕ ಕುಡಿಸುತ್ತಾರೆ. ಬೇಗ ಶುರು ಮಾಡಿದರೆ ಪ್ರಯೋಜನ ಉಂಟು. ನಿಮ್ಮ ಮರ ಆ ಹಂತ ದಾಟಿದೆ. ಶಿಲೀಂಧ್ರ ದಪ್ಪ ಮರದ ಒಳಗಿದೆ, ಔಷಧಿ ಅಲ್ಲಿಗೆ ತಲುಪುವುದಿಲ್ಲ. ಒಂದು ವೇಳೆ ತಲುಪಿ ಅದನ್ನು ಕೊಂದರೂ ತಿಂದುಹೋದ ಚೇಗು ಮತ್ತೆ ಬೆಳೆಯುವುದಿಲ್ಲ, ಅಲ್ವಾ? ಜೀನೋಮ್ ಓದಿದರೆ ಔಷಧಿ ಸಿಗುತ್ತದೆ ಅನ್ನುವ ಮಾತಿಗೂ ಇದೇ ಉತ್ತರ. ಯಾವ ಜೀನ್ ತಡೆದರೆ ಶಿಲೀಂಧ್ರ ನಿಲ್ಲುತ್ತದೆ ಅಂತ ಹುಡುಕಲು ಜೀನೋಮ್ ನೆರವಾಗುತ್ತದೆ, ಅಲ್ಲಿಂದ ಒಂದು ಔಷಧಿ ಬರುವುದಕ್ಕೆ ಬಹಳ ವರ್ಷ ಬೇಕು, ನಿಮ್ಮ ಗುಲ್‌ಮೊಹರ್‌ಗೆ ಅಷ್ಟು ಸಮಯ ಇಲ್ಲ.

ಮರಕ್ಕೆ ಇದು ಹೇಗೆ ಹಿಡಿಯಿತು ಅನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಸುಳಿವಿದೆ. ಪೇವರ್ ಬ್ಲಾಕ್ ಹಾಕುವಾಗ ಬುಡದ ಸುತ್ತ ಅಗೆದಿರುತ್ತಾರೆ, ಬೇರು ಕಡಿದಿರುತ್ತಾರೆ. ಗಾಯವಾದ ಬೇರು, ಗಾಳಿ ಸಿಗದೆ ಸೊರಗಿದ ಬೇರು, ಗಾಡಿ ತಾಗಿ ತೊಗಟೆ ಕಿತ್ತ ಬುಡ, ಗ್ಯಾನೋಡರ್ಮಕ್ಕೆ ಇವೇ ಬಾಗಿಲು. ಕಾಂಪೌಂಡಿನ ಉಳಿದ ಮರಗಳ ಸುತ್ತಲಿನ ಬ್ಲಾಕ್‌ಗಳನ್ನು ಈ ವಾರವೇ ಹುಷಾರಾಗಿ ಎಬ್ಬಿಸಿ ಒಂದು ಮೀಟರಿನಷ್ಟಾದರೂ ಮಣ್ಣು ತೆರೆದಿಡಿ. ಕಮಿಟಿಯವರು ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸ ಇದು, ಖರ್ಚೂ ಇಲ್ಲ.

ಈ ಮರವನ್ನು ಏನು ಮಾಡುವುದು ಅನ್ನುವುದನ್ನು ಪರೀಕ್ಷೆ ನೋಡಿ ತೀರ್ಮಾನಿಸಬೇಕು. ಮರದ ಸುತ್ತಿಗೆಯಲ್ಲಿ ಬುಡದ ಸುತ್ತ ತಟ್ಟುತ್ತಾ ಹೋದರೆ ಟೊಳ್ಳು ಇರುವ ಕಡೆ ದನಿ ಬದಲಾಗುತ್ತದೆ, ಇದು ಮೊದಲ ಅಂದಾಜು. ಅದಕ್ಕಿಂತ ಮೇಲಿನದು ಶಬ್ದದ ಅಲೆ ಕಳಿಸಿ ಒಳಗಿನ ಚಿತ್ರ ತೆಗೆಯುವ ಟೊಮೋಗ್ರಾಫ್. ಇನ್ನೊಂದು ತೆಳು ಸೂಜಿಯಂಥ ಡ್ರಿಲ್ ಇಳಿಸಿ ಮರದ ಗಟ್ಟಿತನ ಅಳೆಯುವ ಯಂತ್ರ. ಇದು ಖಚಿತ ಮಾಹಿತಿ ಕೊಡುತ್ತದೆ, ಆದರೆ ಕೊಳೆಯನ್ನು ತಡೆಯಲು ಮರ ತಾನೇ ಒಳಗೆ ಕಟ್ಟಿಕೊಂಡ ಗೋಡೆಯನ್ನು ಆ ಸೂಜಿ ಚುಚ್ಚಿ ದಾಟಬಹುದು, ಹಾಗಾಗಿ ಸಿಕ್ಕಸಿಕ್ಕ ಕಡೆ ಚುಚ್ಚಿಸಬೇಡಿ. ಹೊರಗಿನ ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗದ ಹತ್ತಿರ ಉಳಿದಿದ್ದರೆ ಸ್ವಲ್ಪ ಧೈರ್ಯ ಅನ್ನುವುದು ಈ ಕ್ಷೇತ್ರದ ಹಳೆಯ ಲೆಕ್ಕ. ಆದರೆ ಅದು ಕಾಂಡಕ್ಕೆ ಮಾತ್ರ. ಗ್ಯಾನೋಡರ್ಮ ಬೇರನ್ನೂ ತಿನ್ನುವುದರಿಂದ ಬುಡದ ಮಣ್ಣು ಕೈಯಿಂದ ಬಿಡಿಸಿ ದಪ್ಪ ಬೇರುಗಳನ್ನೂ ನೋಡಲೇಬೇಕು. ಬರೀ ಕಾಂಡದ ಚಿತ್ರ ತೆಗೆದು ಮರ ಚೆನ್ನಾಗಿದೆ ಅಂತ ಬರೆದುಕೊಟ್ಟ ವರದಿಯನ್ನು ನಾನು ಒಪ್ಪುವುದಿಲ್ಲ.

ತಟ್ಟೆ ಒಂದೇ ಬದಿಯಲ್ಲಿದ್ದು, ಬೇರುಗಳು ಮೂರು ಕಡೆ ಗಟ್ಟಿಯಾಗಿದ್ದರೆ ಕೊಂಬೆಗಳನ್ನು ಹದವಾಗಿ ಇಳಿಸಿ ಗಾಳಿಯ ಹೊಡೆತ ಕಡಿಮೆ ಮಾಡಿ, ಪ್ರತಿವರ್ಷ ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸುತ್ತಾ ಮರವನ್ನು ಇಟ್ಟುಕೊಳ್ಳಬಹುದು. ಇಲ್ಲಿನ ಅಪಾಯ ಏನೆಂದರೆ, ಜಾಸ್ತಿ ಕಡಿದರೆ ಹೊಸ ಗಾಯ ಆಗುತ್ತದೆ, ಎಲೆ ಕಡಿಮೆಯಾಗಿ ಮರದ ಕಸುವೂ ಇಳಿಯುತ್ತದೆ, ಅದು ಶಿಲೀಂಧ್ರಕ್ಕೇ ಲಾಭ. ತಟ್ಟೆ ಸುತ್ತಲೂ ಎದ್ದಿದ್ದರೆ, ಗೇಟಿನ ಪಕ್ಕ ಜನ ಓಡಾಡುವ ಜಾಗ ಆದ್ದರಿಂದ, ನಾನಾಗಿದ್ದರೆ ಮರವನ್ನು ತೆಗೆಸುತ್ತೇನೆ. ಮರ ಪ್ರೀತಿಸುವ ನನಗೆ ಇದನ್ನು ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತಿದ್ದೇನೆ. ಕಮಿಟಿಯವರು ತಾವೇ ಕಡಿಸುವಂತಿಲ್ಲ. ಮಹಾರಾಷ್ಟ್ರದ ನಗರ ಪ್ರದೇಶಗಳ ಮರ ರಕ್ಷಣೆಯ 1975ರ ಕಾಯ್ದೆ ಪ್ರಕಾರ ಮಹಾನಗರ ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಅರ್ಜಿಯ ಜೊತೆ ಪರೀಕ್ಷೆಯ ವರದಿ, ಅಣಬೆಯ ಫೋಟೋ ಇಡಿ. ಕಡಿದ ಮೇಲೆ ಬೊಡ್ಡೆಯನ್ನು ಹಾಗೇ ಬಿಡಬೇಡಿ, ಶಿಲೀಂಧ್ರ ಅದರೊಳಗೆ ವರ್ಷಗಟ್ಟಲೆ ಬದುಕಿರುತ್ತದೆ, ಬೇರು ತಾಗುವ ಪಕ್ಕದ ಮರಕ್ಕೂ ಹೋಗಬಹುದು. ಆದಷ್ಟು ಬೇರು ತೆಗೆಸಿ, ಹೊಸ ಸಸಿಯನ್ನು ಅದೇ ಗುಂಡಿಯಲ್ಲಿ ನೆಡದೆ ಸ್ವಲ್ಪ ದೂರದಲ್ಲಿ ನೆಡಿ.

ಇನ್ನು ಮಗಳಿಗೆ. ಜೀನೋಮ್ ಮಾಡುವ ಆಸೆ ಇದ್ದರೆ ಮೊದಲ ಹೆಜ್ಜೆ ಶುದ್ಧ ತಳಿ ಬೆಳೆಸುವುದು. ತಟ್ಟೆಯನ್ನೇ ತೆಗೆದುಕೊಂಡು ಹೋಗಿ ಸೀಕ್ವೆನ್ಸಿಂಗ್‌ಗೆ ಕೊಟ್ಟರೆ ಅದರ ಮೇಲಿನ ಬ್ಯಾಕ್ಟೀರಿಯಾ, ಒಳಗಿನ ಹುಳ, ಮರದ ಡಿಎನ್‌ಎ ಎಲ್ಲ ಕಲಸಿಕೊಂಡು ಬರುತ್ತದೆ. ಮರದ ಪರೀಕ್ಷೆ ಮುಗಿದ ಮೇಲೆ ಹೊಸ ತಟ್ಟೆಯೊಂದನ್ನು ಕೈಯಿಂದ ಮುರಿದು, ಗಾಳಿ ತಾಗದ ಒಳಭಾಗದಿಂದ ಅಕ್ಕಿಕಾಳಿನಷ್ಟು ತಿರುಳನ್ನು ಸ್ಟೆರೈಲ್ ಬ್ಲೇಡಿನಲ್ಲಿ ತೆಗೆದು ಮಾಲ್ಟ್ ಅಗರ್ (ಶಿಲೀಂಧ್ರ ಬೆಳೆಸುವ ಜೆಲ್ಲಿಯಂಥ ಆಹಾರ) ಮೇಲೆ ಇಡಬೇಕು. ಬಿಳಿ ಎಳೆ ಎದ್ದರೆ ಅಂಚಿನಿಂದ ಬೇರೆ ಪೆಟ್ರಿ ಡಿಶ್‌ಗೆ ಸಾಗಿಸುವುದು. ಹಸಿರು ಟ್ರೈಕೋಡರ್ಮ ಎದ್ದರೆ ಎಸೆದು ಮತ್ತೆ ಶುರು. ಗ್ಯಾನೋಡರ್ಮದ ಡಿಎನ್‌ಎ ತೆಗೆಯುವುದು ತಾಳ್ಮೆ ಕೇಳುತ್ತದೆ. ಟ್ಯೂಬಿನ ತಳದಲ್ಲಿ ಬೆಳ್ಳಗಿನ ಎಳೆ ಬದಲು ಕಂದು ಲೋಳೆ ಕೂರುತ್ತದೆ, ಅದರಲ್ಲಿರುವ ಅಂಟು ಮತ್ತು ಬಣ್ಣದ ವಸ್ತುಗಳು ಮುಂದಿನ ಎಲ್ಲ ಕಿಣ್ವಗಳ ಕೆಲಸ ಕೆಡಿಸುತ್ತವೆ. ಹೊಸದಾಗಿ ಬೆಳೆದ ಎಳೆಗಳನ್ನು ಬಳಸಿ, ಹಳೆಯ ಗಟ್ಟಿ ಭಾಗ ಬಿಟ್ಟರೆ ಸ್ವಲ್ಪ ವಾಸಿ.

ಇನ್ನೊಂದು ತೊಡಕು ಓದುವ ಹಂತದಲ್ಲಿ. ಇಂಥ ಅಣಬೆಯ ಕೋಶದಲ್ಲಿ ತಂದೆ ತಾಯಿ ಕಡೆಯ ಎರಡು ನ್ಯೂಕ್ಲಿಯಸ್ ಬೆರೆಯದೆ ಬೇರೆ ಬೇರೆಯಾಗಿಯೇ ಇರುತ್ತವೆ. ಸಣ್ಣ ತುಂಡುಗಳಾಗಿ ಓದಿ ಜೋಡಿಸುವಾಗ ಯಾವ ತುಂಡು ಯಾವ ಕಡೆಯದು ಅಂತ ಗೊಂದಲವಾಗಿ ಜೀನ್‌ಗಳ ಲೆಕ್ಕ ತಪ್ಪುತ್ತದೆ. ಅದಕ್ಕೇ ದೊಡ್ಡ ಯೋಜನೆಗಳಲ್ಲಿ ಒಂದೇ ಬಗೆಯ ನ್ಯೂಕ್ಲಿಯಸ್ ಇರುವ ತಳಿಯನ್ನು ಆರಿಸುತ್ತಾರೆ, 2004ರ ಆ ಮೊದಲ ಜೀನೋಮ್‌ನಲ್ಲೂ ಹಾಗೇ ಮಾಡಿದ್ದರು. ಈಗ ಉದ್ದುದ್ದ ತುಂಡು ಓದುವ ಯಂತ್ರಗಳು ಬಂದು ಎರಡೂ ಕಡೆಯದನ್ನು ಬಿಡಿಸುವುದು ಸಾಧ್ಯವಾಗಿದೆ, ಆದರೂ ಗೈಡ್ ಜೊತೆ ಕೂತು ಇದನ್ನು ಮೊದಲೇ ತೀರ್ಮಾನಿಸಲಿ. ಅದಕ್ಕೂ ಮೊದಲು ಇದೇ ಜಾತಿಯ ಜೀನೋಮ್ ಆಗಲೇ ಇದೆಯಾ ಅಂತ ಮೈಕೋಕಾಸ್ಮ್ ಮತ್ತು ಜೀನ್‌ಬ್ಯಾಂಕ್ ಅನ್ನುವ ಆನ್‌ಲೈನ್ ಡೇಟಾಬೇಸ್‌ಗಳಲ್ಲಿ ಹುಡುಕಲಿ. ಎರಡೂ ಉಚಿತ. ಎಷ್ಟೋ ಒಳ್ಳೆಯ ಎಂಎಸ್ಸಿ ಪ್ರಾಜೆಕ್ಟ್‌ಗಳು ಹೊಸದಾಗಿ ಏನನ್ನೂ ಓದಿಸದೆ, ಆಗಲೇ ಇರುವ ಬಿಳಿ ಮತ್ತು ಕಂದು ಕೊಳೆಯ ಜೀನೋಮ್‌ಗಳಲ್ಲಿ ಪೆರಾಕ್ಸಿಡೇಸ್ ಎಣಿಸಿ ಹೋಲಿಸಿಯೇ ಆಗಿವೆ.

ಹೊಸದನ್ನೇ ಮಾಡುವುದಾದರೆ ತಳಿಯನ್ನು ರಾಷ್ಟ್ರೀಯ ಸಂಗ್ರಹಕ್ಕೂ, ಒಣಗಿಸಿದ ತಟ್ಟೆಯನ್ನು ಹರ್ಬೇರಿಯಂಗೂ (ಒಣ ಮಾದರಿಗಳ ಸಂಗ್ರಹ) ಕೊಡಲಿ. ಕವರಿನ ಮೇಲೆ ದಿನಾಂಕ, ಜಾಗ, ಯಾವ ಮರ, ನೆಲದಿಂದ ಎಷ್ಟು ಎತ್ತರ, ಮುರಿದಾಗ ಒಳಗಿನ ಬಣ್ಣ ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಬರೆಯಲಿ, ಪೆನ್ನಿನ ಶಾಯಿ ತೇವಕ್ಕೆ ಹಬ್ಬುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಒಂದೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಪೇಪರ್ ಕವರ್ ಸಾಕು. ಮಾದರಿಯನ್ನು ವಿದೇಶದ ಲ್ಯಾಬ್‌ಗೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ, ಕಾಲೇಜಿನ ಮೂಲಕ ಅನುಮತಿ ಕೇಳದೆ ಕೊರಿಯರ್ ಮಾಡಬಾರದು. ಮರ ತೆಗೆಸುವುದು ಅಂತಾದರೆ ಆ ದಿನ ಅವಳು ಅಲ್ಲೇ ಇರಲಿ. ಬುಡದ ಅಡ್ಡ ಕೊಯ್ತದಲ್ಲಿ ಗಟ್ಟಿ ಮರ ಎಲ್ಲಿ ಮುಗಿದು ಬಿಳಿ ಕೊಳೆ ಎಲ್ಲಿ ಶುರುವಾಗುತ್ತದೆ ಅನ್ನುವ ಗೆರೆ ಕಾಣುತ್ತದೆ. ಗೆರೆಯ ಎರಡೂ ಬದಿಯಿಂದ ಒಂದೊಂದು ತುಂಡು ತೆಗೆದಿಟ್ಟುಕೊಳ್ಳಲು ಹೇಳಿ.